ನಿಮಗಿದು ಗೊತ್ತೇ? ಕಬ್ಬಿನ ಲಾರಿ, ಕಾಡಾನೆ, ವೈಫೈ ಡಬ್ಬಿ

ತಾಳವಾಡಿ ಬೆಟ್ಟದ ದೊಡ್ಡಗಾಜನೂರಿನ ಮನೆಯಿಂದ ನಟ ರಾಜ್‌ಕುಮಾರ್ ಅಣ್ಣಾವ್ರನ್ನು ಕಾಡುಗಳ್ಳ ವೀರಪ್ಪನ್ ಹೊತ್ತೊಯ್ದದ್ದು 2000ದ ಜುಲೈ 30ರ ರಾತ್ರಿ. ಅವರು ಬಿಡುಗಡೆಯಾಗುವವರೆಗಿನ 108 ದಿನ ಕಾಡಿನ ಸಂದೇಶಗಳು ನಾಡಿಗೆ ಬಂದದ್ದು ಆಡಿಯೊ ಕ್ಯಾಸೆಟ್ಟುಗಳಲ್ಲಿ. ಈಗ ಅದೇ ಸೀಮೆಯಲ್ಲಿ ವಿಡಿಯೊ ಕರೆ ಎರಡು ಸೆಕೆಂಡ್ ತಡವರಿಸಿದರೆ ಸಿಡುಕುತ್ತೇವೆ. ಬೈಗುಳ ಮಾತ್ರ ಸದಾ ಇಂಟರ್ನೆಟ್ ಕಂಪನಿಗೆ. ಮೂಲೆಯಲ್ಲಿ ಮಿಣುಕುವ ರೂಟರಿಗೆ ಯಾರೂ ಬೈಯುವುದಿಲ್ಲ.

ಪೆಟ್ಟಿಗೆಯ ಮೇಲಿನ 'ಎಸಿ1200' ಒಂದು ಕೂಡು ಲೆಕ್ಕ ಎಂಬುದು ಗೊತ್ತೇ? 2.4 ಗಿಗಾಹರ್ಟ್ಸ್‌ನ 300 ಎಂಬಿಪಿಎಸ್ ವೇಗ, 5 ಗಿಗಾಹರ್ಟ್ಸ್‌ನ 867, ಎರಡನ್ನೂ ಕೂಡಿ ಮೇಲಕ್ಕೆ ದುಂಡಾಗಿಸಿದ್ದು. ಗಂಟೆಗೆ 40 ಕಿ.ಮೀ. ಓಡುವ ಬಸ್ಸನ್ನೂ 60 ಓಡುವ ಜೀಪನ್ನೂ ಸೇರಿಸಿ 'ನೂರರ ವೇಗ' ಅಂದಂತೆ. ಆಂಟೆನಾ ಎಷ್ಟಿವೆ ಅಂತ ಎಣಿಸಿ ಕೊಳ್ಳುವುದೂ ಅಷ್ಟೇ ದಂಡ.

ಕಚೇರಿಗೆಂದು ತಯಾರಾದ ಅಗ್ಗದ ರೂಟರುಗಳಲ್ಲಿ ಹಲವಕ್ಕೆ ವೈಫೈಯೇ ಇರುವುದಿಲ್ಲ! ಲಾಟ್ವಿಯಾದ ಮೈಕ್ರೋಟಿಕ್ ಕಂಪನಿಯ ಹೆಕ್ಸ್, ಟಿಪಿ-ಲಿಂಕ್‌ನ ಇಆರ್605 ಎರಡೂ ಹಾಗೆಯೇ. ಎರಡೂ ಹತ್ತು ಸಾವಿರದೊಳಗೆ ಸಿಗುತ್ತವೆ. ಮನೆಯ ಸಾಧಾರಣ ಡಬ್ಬಿಯಾದರೋ ರೂಟರ್, ಸ್ವಿಚ್, ಫೈರ್‌ವಾಲ್, ವೈಫೈ ನಾಲ್ಕನ್ನೂ ಒಂದೇ ಹೊಟ್ಟೆಗೆ ತುಂಬಿಕೊಂಡು ಬೆವರುತ್ತದೆ. ಕಚೇರಿಯ ರೂಟರಿಗೆ ವೈಫೈ ಬೇರೆ: ಅದನ್ನು ಹರಡುವ ಆಕ್ಸೆಸ್ ಪಾಯಿಂಟನ್ನು ನಡುಮನೆಯ ಸೂರಿಗೆ ಹಾಕಿ. ಅದು 'ಪಿಒಇ' ಜಾತಿಯದಾಗಿದ್ದರೆ ಕರೆಂಟೂ ನೆಟ್ ಕೇಬಲ್ಲಿನಲ್ಲೇ ಹರಿಯುತ್ತದೆ. ಆ ಪದ್ಧತಿಗೆ ಮಾನಕ ಬಂದದ್ದು 2003ರಲ್ಲಿ.

ಇನ್ನು ಆನೆ ವಿಷಯ. ನೆಟ್‌ವರ್ಕ್ ಎಂಜಿನಿಯರುಗಳ ಭಾಷೆಯಲ್ಲಿ ದೊಡ್ಡ ಡೌನ್‌ಲೋಡಿಗೆ 'ಆನೆ ಹರಿವು', ಪುಟ್ಟ ಸಂದೇಶಗಳಿಗೆ 'ಇಲಿ ಹರಿವು' ಎಂದೇ ಹೆಸರು. ತಾಳವಾಡಿಯ ದಾರಿಯ ದಿಂಬಂ ಘಾಟಿ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. 27 ತಿರುವು. ಒಂದು ತಿರುವಿನಲ್ಲಿ ಕಬ್ಬಿನ ಲಾರಿ ಸಿಕ್ಕಿಕೊಂಡಿತೋ, ಹಿಂದೆ ಬೈಕೂ ನಿಂತಿತು, ಆಂಬುಲೆನ್ಸೂ ನಿಂತಿತು. (ಕಾರಪಳ್ಳಂ ಚೆಕ್‌ಪೋಸ್ಟಿನ ಬಳಿ ಕಬ್ಬಿಗಾಗಿ ಲಾರಿ ನಿಲ್ಲಿಸುವ ನಿಜವಾದ ಆನೆಗಳದ್ದು ಬೇರೆಯೇ ಕಥೆ.) ಮದುವೆಯ ಫೋಟೊಗಳೆಲ್ಲ ಫೋನಿನಿಂದ ಮೇಲೇರುತ್ತಿರುವಾಗ ಮಗಳ ಆನ್‌ಲೈನ್ ಪಾಠ ತಡವರಿಸುವುದು ಇದೇ ಕಾರಣಕ್ಕೆ. ಇದಕ್ಕೆ 'ಬಫರ್‌ಬ್ಲೋಟ್' ಎಂದು ಹೆಸರಿಟ್ಟವರು ಕಂಪ್ಯೂಟರ್ ತಂತ್ರಜ್ಞ ಜಿಮ್ ಗೆಟಿಸ್. ಮದ್ದೂ ಇದೆ: ಸರದಿಯನ್ನು ಹಂಚಿ ಇಲಿಗಳಿಗೆ ದಾರಿ ಬಿಡಿಸುವ 'ಎಫ್‌ಕ್ಯೂ-ಕೋಡೆಲ್', 'ಕೇಕ್' ಎಂಬ ವಿಧಾನಗಳು. ಮೈಕ್ರೋಟಿಕ್‌ನ 7ನೇ ಆವೃತ್ತಿಯ ತಂತ್ರಾಂಶದಲ್ಲಿ ಎರಡೂ ಇವೆ. ನನ್ನನ್ನು ಕೇಳಿದರೆ, ವೇಗದ ಪ್ಲಾನಿಗೆ ತಿಂಗಳು ತಿಂಗಳು ಹೆಚ್ಚು ಕಟ್ಟುವ ಮುನ್ನ ಈ ಒಂದು ಗುಣ ನೋಡಿ ರೂಟರ್ ಕೊಳ್ಳಬೇಕು.

ಆನೆಗೆಂದು ಹೊಲದ ಸುತ್ತ ಹಾಕುವ ಸೋಲಾರ್ ಬೇಲಿಯ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟಿನದು. ಬಹುಪಾಲು ರೂಟರುಗಳದೂ 12 ವೋಲ್ಟೇ! ಕರೆಂಟ್ ಹೋದಾಗ ಅಂಥ ಬ್ಯಾಟರಿಯಿಂದ ರೂಟರ್ ನಡೆಸೋಣ ಅನ್ನಿಸೀತು. ಆದರೆ ಚಾರ್ಜ್ ಆಗುವಾಗ ಬ್ಯಾಟರಿ 14ರ ಮೇಲೆ ಏರುತ್ತದೆ, ಸಾಧಾರಣ ಡಬ್ಬಿ ಅದನ್ನು ತಾಳದೆ ಹೋಗಬಹುದು. ಹೆಕ್ಸ್ ಅದಕ್ಕಿಂತ ಹೆಚ್ಚಿನ ವೋಲ್ಟನ್ನೂ ತಾಳುತ್ತದೆ. ಹಾಗಂತ ಬೇಲಿಯ ಬ್ಯಾಟರಿಗೇ ಕೈ ಹಾಕಬೇಡಿ, ಬೇರೆಯದೇ ಇಡಿ. ಫೈಬರ್ ತಂದ ಕಂಪನಿಯ ಡಬ್ಬಿಗೂ ಕರೆಂಟ್ ಬೇಕು, ಅದನ್ನು ಮರೆತವರೇ ಹೆಚ್ಚು.

ಇಆರ್605ಕ್ಕೆ ಒಂದಕ್ಕಿಂತ ಹೆಚ್ಚು ಲೈನ್ ಕೊಡಬಹುದು: ಫೈಬರ್ ಒಂದು, 4ಜಿ ಇನ್ನೊಂದು. ಮರ ಬಿದ್ದು ಒಂದು ಹೋದರೆ ಇನ್ನೊಂದಕ್ಕೆ ತಾನೇ ಜಿಗಿಯುತ್ತದೆ. ಆ ಎರಡನೆಯ ಲೈನಿನ ಸಿಮ್ ಯಾವುದು? ತಾಳವಾಡಿ ತಮಿಳುನಾಡು ಟೆಲಿಕಾಂ ವೃತ್ತ, ಪಕ್ಕದ ಚಾಮರಾಜನಗರ ಕರ್ನಾಟಕ ವೃತ್ತ. ತಾರಸಿ ಹತ್ತಿ ಫೋನಿನಲ್ಲಿ ಗಡಿಯ ಯಾವ ಕಡೆಯ ಟವರ್ ಸಿಗುತ್ತದೆ ನೋಡಿ, ಆಮೇಲೆ ತೀರ್ಮಾನ.

ಇನ್ನು ಸಿಡಿಲು. ಫೈಬರ್ ಗಾಜು, ಅದನ್ನು ಹೊತ್ತು ತರುವುದಿಲ್ಲ. ಮನೆಯಿಂದ ತೋಟದ ಶೆಡ್ಡಿಗೆ ಬಯಲಲ್ಲಿ ಎಳೆದ ತಾಮ್ರದ ಕೇಬಲ್ ತರುತ್ತದೆ.

ಹೊಲದ ಕ್ಯಾಮೆರಾವನ್ನು ಊರಾಚೆಯಿಂದ ನೇರವಾಗಿ ನೋಡಲೆಂದೇ ದುಬಾರಿ ರೂಟರ್ ಕೊಳ್ಳುವವರಿದ್ದಾರೆ. ಮೊದಲು ಈಗಿನ ಡಬ್ಬಿಗೆ ಕಂಪನಿ ಕೊಟ್ಟಿರುವ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗಿದ್ದರೆ ಹಲವು ಮನೆಗಳು ಒಂದೇ ಹೊರವಿಳಾಸ ಹಂಚಿಕೊಂಡಿವೆ ಎಂದರ್ಥ, ಹೊರಗಿನಿಂದ ಕ್ಯಾಮೆರಾಕ್ಕೆ ನೇರ ದಾರಿಯಿಲ್ಲ. ಎಷ್ಟು ದುಡ್ಡು ಸುರಿದರೂ ರೂಟರ್ ಅದನ್ನು ಬದಲಿಸದು.

'ಆಫ್ ಮಾಡಿ ಆನ್ ಮಾಡಿ' ಎಂಬ ನಮ್ಮೂರ ಮದ್ದನ್ನು ಅಮೆರಿಕದ ಎಫ್‌ಬಿಐಯೇ ಹೇಳಿದ್ದುಂಟು! 2018ರ ಮೇನಲ್ಲಿ 'ವಿಪಿಎನ್‌ಫಿಲ್ಟರ್' ಎಂಬ ಕುತಂತ್ರಾಂಶ 54 ದೇಶಗಳ ಸುಮಾರು 5 ಲಕ್ಷ ಸಾಧನಗಳಿಗೆ ಹೊಕ್ಕಿದ್ದು ಬಯಲಾಗಿತ್ತು. ಮೇಲೆ ನಾನು ಹೊಗಳಿದ ಎರಡೂ ಕಂಪನಿಗಳ ರೂಟರುಗಳು ಅದರಲ್ಲಿದ್ದವು. ಬ್ರಾಂಡ್ ನೋಡಿ ನಿದ್ದೆ ಹೋಗಬೇಡಿ. ಹೊಸ ತಂತ್ರಾಂಶ ಇನ್ನೂ ಬರುತ್ತಿದೆಯೇ ಎಂದು ನೋಡಿ.

ದುಡ್ಡೇ ಇಲ್ಲವೆ? 2003ರಲ್ಲಿ ಲಿಂಕ್‌ಸಿಸ್ ತನ್ನ ಡಬ್ಲ್ಯುಆರ್‌ಟಿ54ಜಿ ರೂಟರಿನ ಮೂಲ ಸಂಕೇತವನ್ನು ಬಿಟ್ಟುಕೊಟ್ಟಿತು. ಅದರಿಂದ ಮರುವರ್ಷ ಹುಟ್ಟಿದ್ದು ಉಚಿತ ರೂಟರ್ ತಂತ್ರಾಂಶ 'ಓಪನ್‌ಡಬ್ಲ್ಯುಆರ್‌ಟಿ'. ನಿಮ್ಮ ಅಟ್ಟದ ಮೇಲಿನ ಹಳೆಯ ಡಬ್ಬಿ ಅದರ ಪಟ್ಟಿಯಲ್ಲಿದ್ದರೆ ಕಾಸಿಲ್ಲದೆ ಕಚೇರಿ ದರ್ಜೆಗೇರುತ್ತದೆ. 16 ಎಂಬಿ ಫ್ಲ್ಯಾಶ್, 128 ಎಂಬಿ ರ್‍ಯಾಮ್‌ಗಿಂತ ಕಡಿಮೆ ಇದ್ದರೆ ಮಾತ್ರ ತೆಪ್ಪಗೆ ಗುಜರಿಯವನಿಗೆ ಕೊಡಿ.