ಒಂದೇ ಮನೆ, ಎರಡು ಚೀಟಿ

ತಲೆ ಬಾಚಿದ ಮೇಲೆ ಹಣಿಗೆಯಲ್ಲಿ ಉಳಿದ ಕೂದಲನ್ನು ಅಮ್ಮ ಬೆರಳಿಗೆ ಸುತ್ತಿ, ಉಂಡೆ ಮಾಡಿ, ಹಿತ್ತಿಲ ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದಳು. ಯಾವಾಗಲೋ ಒಮ್ಮೆ ಕೂದಲು ಕೊಳ್ಳುವವರು ಕೂಗುತ್ತ ಬಂದಾಗ ಆ ಉಂಡೆಗಳನ್ನೆಲ್ಲ ಕೊಟ್ಟು ಒಂದು ಸ್ಟೀಲ್ ಲೋಟವನ್ನೋ ಹೇರ್‌ಪಿನ್ನನ್ನೋ ತೆಗೆದುಕೊಳ್ಳುತ್ತಿದ್ದಳು. ಇಂಥ ಕೂದಲನ್ನು ಬಿಡಿಸಿ, ತೊಳೆದು, ಅಳತೆಗೆ ಜೋಡಿಸುವ ಕೆಲಸವೇ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ದೊಡ್ಡ ಕಸುಬು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆ ದಿನಗಳಲ್ಲಿ ಉದುರಿದ ಕೂದಲನ್ನು ಕಂಡು ನಮ್ಮ ಮನೆಯಲ್ಲಿ ಯಾರೂ ಹೆದರಿದ್ದಿಲ್ಲ. ಹೆದರಬೇಕಾಗಿಯೂ ಇರಲಿಲ್ಲ. ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲಿರುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಸಹಜ.

ನನಗೆ ಹೆದರಿಕೆ ಹುಟ್ಟಿದ್ದು ಕಳೆದ ದಸರೆಯ ಹೊತ್ತಿಗೆ. ಆಷಾಢದಲ್ಲಿ ಡೆಂಗಿ ಬಂದು ಹೋಗಿತ್ತು. ಮೈಗೆ ಶಕ್ತಿ ಮರಳಿ ಬಂತು ಎನ್ನುವಷ್ಟರಲ್ಲಿ ಕೂದಲು ಹಿಡಿಹಿಡಿಯಾಗಿ ಕೈಗೆ ಬರತೊಡಗಿತು. ದಿಂಬಿನ ಮೇಲೆ ಕೂದಲು, ತಟ್ಟೆಯಲ್ಲಿ ಕೂದಲು, ಬಚ್ಚಲ ನೀರು ಹೋಗುವ ಜಾಲರಿ ತುಂಬ ಕೂದಲು. ಅದೇ ದಿನಗಳಲ್ಲಿ ಹಬ್ಬಕ್ಕೆ ಬಂದಿದ್ದ ಅಕ್ಕ ಕನ್ನಡಿಯ ಮುಂದೆ ಕೂತು, ತಲೆ ತಗ್ಗಿಸಿ, 'ಇಲ್ನೋಡೇ' ಎಂದಳು. ಬೈತಲೆಗೆ ಅವಳು ಇಡುತ್ತಿದ್ದ ಕುಂಕುಮ ಮೊದಲೆಲ್ಲ ತೆಳುವಾದ ಗೆರೆಯಾಗಿ ನಿಲ್ಲುತ್ತಿತ್ತು. ಈಗ ಎರಡು ಬೆರಳಗಲ ಹರಡಿಕೊಂಡಿತ್ತು. ಅವಳಿಗೆ ನನ್ನಂತೆ ಹಿಡಿಹಿಡಿಯಾಗಿ ಉದುರುತ್ತಿರಲಿಲ್ಲ. ಆದರೆ ಬಿಳಿ ನೆತ್ತಿ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತ ಬಂದಿತ್ತು.

ಇಬ್ಬರೂ ಒಂದೇ ದಿನ ಚರ್ಮವೈದ್ಯರ ಬಳಿಗೆ ಹೋದೆವು. ಅಕ್ಕನ ಚೀಟಿಯಲ್ಲಿ ಔಷಧಿಯಿತ್ತು. ನನ್ನ ಚೀಟಿಯಲ್ಲಿದ್ದದ್ದು ರಕ್ತಪರೀಕ್ಷೆ ಮಾತ್ರ.

ಉದುರುವುದು ಬೇರೆ, ತೆಳುವಾಗುವುದು ಬೇರೆ

ಡಾಕ್ಟರಮ್ಮ ನನ್ನ ತಲೆಯಿಂದ ಐವತ್ತು ಅರವತ್ತು ಕೂದಲನ್ನು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದರು. ಹತ್ತಕ್ಕೂ ಹೆಚ್ಚು ಅವರ ಕೈಯಲ್ಲೇ ಉಳಿದವು. 'ಮೂರು ತಿಂಗಳ ಹಿಂದೆ ಏನಾಗಿತ್ತು?' ಎಂದು ಕೇಳಿದರು. ಡೆಂಗಿ ಎಂದೆ. 'ಹಾಗಾದ್ರೆ ಇದು ಆ ಜ್ವರದ ಬಾಕಿ ಲೆಕ್ಕ. ನಿಮಗೆ ಔಷಧಿ ಬೇಡಮ್ಮ, ಸ್ವಲ್ಪ ಕಾಯಿರಿ' ಎಂದರು.

ಪ್ರತಿಯೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆಯುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ವಿಶ್ರಮಿಸಿ ಉದುರುತ್ತದೆ. ಜೋರು ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸುವ ಪ್ರಯೋಗಗಳಿಂದ ದೇಹಕ್ಕೆ ಆಘಾತವಾದಾಗ ಅಸಂಖ್ಯ ಕೂದಲು ಒಟ್ಟಿಗೆ ವಿಶ್ರಾಂತಿಗೆ ಹೋಗಿಬಿಡುತ್ತವೆ. ಅವು ಉದುರುವುದು ಎರಡು ಮೂರು ತಿಂಗಳ ನಂತರ. ಅಷ್ಟರಲ್ಲಿ ನಾವು ಜ್ವರವನ್ನು ಮರೆತು ಶ್ಯಾಂಪುವನ್ನೋ ಬೋರ್‌ವೆಲ್ ನೀರನ್ನೋ ಬೈಯುತ್ತಿರುತ್ತೇವೆ. ಬಾಣಂತಿಯರಿಗೂ ಹೀಗೆಯೇ. ಗರ್ಭಿಣಿಯಾಗಿದ್ದಾಗ ಈಸ್ಟ್ರೋಜನ್ ಹಾರ್ಮೋನು ಹಿಡಿದಿಟ್ಟಿದ್ದ ಕೂದಲು ಹೆರಿಗೆಯಾದ ಕೆಲವು ತಿಂಗಳಿಗೆ ಉದುರುತ್ತದೆ. ಕೂಸು ತಾಯಿಯ ಗುರುತು ಹಿಡಿಯುವ ಹೊತ್ತಿಗೆ ತಾಯಿಯ ಕೂದಲು ಉದುರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಕಾರಣ ಏನೇ ಇರಲಿ, ಅಜ್ಜಿಯ ಕಾಲದ ಲೆಕ್ಕ ಸರಿಯಾಗಿತ್ತು. ಬೇರು ಗಟ್ಟಿಯಾಗಿರುವುದರಿಂದ ಈ ಬಗೆಯ ಕೂದಲು ಮತ್ತೆ ಬರುತ್ತದೆ.

ಅಕ್ಕನದು ಹಾಗಲ್ಲ. ಅವಳ ಕೂದಲ ಬೇರುಗಳೇ ಕುಗ್ಗುತ್ತಿದ್ದವು. ಪ್ರತಿ ಸುತ್ತಿನಲ್ಲೂ ಹುಟ್ಟುವ ಕೂದಲು ಹಿಂದಿನದಕ್ಕಿಂತ ಸಣ್ಣದು, ತೆಳ್ಳಗಿನದು. ಗಂಡಸರಿಗೆ ಹಣೆಯಂಚು ಹಿಂದೆ ಸರಿದರೆ ಹೆಂಗಸರಿಗೆ ಸಾಮಾನ್ಯವಾಗಿ ಹಣೆಯಂಚು ಹಾಗೇ ಉಳಿದು ನೆತ್ತಿ ತೆಳುವಾಗುತ್ತದೆ, ಬೈತಲೆ ಅಗಲವಾಗುತ್ತದೆ. 1977ರಲ್ಲಿ ಎರಿಕ್ ಲುಡ್ವಿಗ್ ಎಂಬ ವೈದ್ಯರು ಇದನ್ನು ಮೂರು ಹಂತಗಳಾಗಿ ವಿಂಗಡಿಸಿದರು. ವೈದ್ಯರು ಇಂದಿಗೂ ಆ ಅಳತೆಯನ್ನು ಬಳಸುತ್ತಾರೆ. ಇದು ಕಾದರೆ ಸರಿಹೋಗುವುದಲ್ಲ. ಬೇಗ ಔಷಧಿ ಶುರು ಮಾಡಿದಷ್ಟೂ ಹೆಚ್ಚು ಉಳಿಯುತ್ತದೆ.

ಬಿ.ಪಿ. ಮಾತ್ರೆಯಿಂದ ಬಂದ ಮದ್ದು

ಅಕ್ಕನ ಚೀಟಿಯಲ್ಲಿದ್ದದ್ದು ಮಿನಾಕ್ಸಿಡಿಲ್. ಇದು ಕೂದಲಿಗೆಂದು ಹುಟ್ಟಿದ ಔಷಧಿಯಲ್ಲ. ಅಮೆರಿಕದ ಅಪ್‌ಜಾನ್ ಕಂಪನಿ ಇದನ್ನು ಅಧಿಕ ರಕ್ತದೊತ್ತಡಕ್ಕೆ ಮಾತ್ರೆಯಾಗಿ ತಯಾರಿಸಿತು. 1979ರಲ್ಲಿ ಅದಕ್ಕೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತದ ಮಂಜೂರಾತಿ ಸಿಕ್ಕಿತು. ಆದರೆ ಮಾತ್ರೆ ನುಂಗಿದವರ ಮುಖ, ಕೈಕಾಲುಗಳಲ್ಲೆಲ್ಲ ಕೂದಲು ಬೆಳೆಯುತ್ತಿತ್ತು. ಆ ಅಡ್ಡಪರಿಣಾಮವೇ ಹೊಸ ದಾರಿ ತೋರಿಸಿತು. ತಲೆಗೆ ಹಚ್ಚುವ ದ್ರಾವಣ 1988ರಲ್ಲಿ ಗಂಡಸರಿಗೆ ಮಂಜೂರಾಯಿತು. ಹೆಂಗಸರಿಗೆ ಶೇ 2ರ ದ್ರಾವಣ ಸಿಗಲು 1991 ಬರಬೇಕಾಯಿತು, ದಿನಕ್ಕೊಮ್ಮೆ ಹಚ್ಚುವ ಶೇ 5ರ ನೊರೆಗೆ 2014.

ಇದು ಕೂದಲಿನ ವಿಶ್ರಾಂತಿಯ ಅವಧಿಯನ್ನು ಮೊಟಕು ಮಾಡಿ ಬೆಳೆಯುವ ಅವಧಿಯನ್ನು ಹಿಗ್ಗಿಸುತ್ತದೆ. ಶೇ 2ರ ದ್ರಾವಣವಾದರೆ ಒಂದು ಮಿಲಿಲೀಟರ್ ಬೆಳಿಗ್ಗೆ, ಒಂದು ಮಿಲಿಲೀಟರ್ ಸಂಜೆ. ಒಣಗಿದ ತಲೆಯಲ್ಲಿ ಬೈತಲೆ ಬಿಡಿಸಿ, ಕೂದಲಿಗಲ್ಲ, ಬುಡದ ಚರ್ಮಕ್ಕೆ ತಾಗುವಂತೆ ಹಾಕಬೇಕು. ಆಮೇಲೆ ಕೈ ತೊಳೆದುಕೊಳ್ಳಬೇಕು. ಮಲಗುವ ಹೊತ್ತಿಗೆ ಅದು ಪೂರ್ತಿ ಒಣಗಿರಬೇಕು. ಇಲ್ಲವಾದರೆ ದಿಂಬಿನಿಂದ ಮುಖಕ್ಕೆ ಹತ್ತಿ ಕೆನ್ನೆ, ಹಣೆಯ ಮೇಲೆ ರೋಮ ಬರಬಹುದು. ಕೆಲವರಿಗೆ ತುರಿಕೆಯಾಗುತ್ತದೆ.

ಮೂರನೆಯ ವಾರದಲ್ಲಿ ಅಕ್ಕ ಅಳುತ್ತ ಫೋನ್ ಮಾಡಿದಳು. 'ಇದ್ದಿದ್ದೂ ಹೋಗ್ತಾ ಇದೆ ಕಣೇ.' ಎಷ್ಟೋ ಹೆಣ್ಣುಮಕ್ಕಳು ಔಷಧಿ ಬಿಟ್ಟುಬಿಡುವುದು ಇದೇ ಘಟ್ಟದಲ್ಲಿ. ಡಾಕ್ಟರಮ್ಮ ಮೊದಲೇ ಹೇಳಿದ್ದರು: ಹೊಸ ಕೂದಲು ಹೊರಡಲು ಅಣಿಯಾದಾಗ ಹಳೆಯದನ್ನು ತಳ್ಳುತ್ತದೆ, ಮೊದಲ ಕೆಲವು ವಾರ ಹೆಚ್ಚು ಉದುರುತ್ತದೆ, ಆಮೇಲೆ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಗುಣಕ್ಕೆ ನಾಲ್ಕರಿಂದ ಆರು ತಿಂಗಳು ಬೇಕು. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಇನ್ನೊಂದು ಮಾತನ್ನೂ ಮೊದಲೇ ತಿಳಿದಿರಬೇಕು. ಮದ್ದು ನಿಲ್ಲಿಸಿದರೆ ಗಳಿಸಿದ ಕೂದಲು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಬಿ.ಪಿ.ಗೆ ಮಾತ್ರೆ ತೆಗೆದುಕೊಂಡಂತೆ ಇದನ್ನೂ ಮುಂದುವರಿಸಬೇಕು.

ಈಚೆಗೆ ಮಿನಾಕ್ಸಿಡಿಲ್ ಅನ್ನು ಬಹಳ ಸಣ್ಣ ಪ್ರಮಾಣದಲ್ಲಿ ಮಾತ್ರೆಯಾಗಿಯೂ ಚರ್ಮವೈದ್ಯರು ಕೊಡುತ್ತಿದ್ದಾರೆ. ಕಾಲು ಬಾವು, ಎದೆ ಬಡಿತ, ಮೈಮೇಲೆ ರೋಮ ಕಾಣಿಸಬಹುದಾದ್ದರಿಂದ ವೈದ್ಯರ ಕಣ್ಗಾವಲಿನಲ್ಲೇ ನಡೆಯಬೇಕು.

ಗಂಡನ ಬಾಟಲಿ ಹೆಂಡತಿಗಲ್ಲ

ಬಚ್ಚಲ ಗೂಡಿನಲ್ಲಿ ಗಂಡ ತಂದಿಟ್ಟ ಬಾಟಲಿ ಇರುತ್ತದೆ, 'ಇದೂ ಕೂದಲಿಂದೇ ಅಲ್ವಾ' ಎಂದು ಹೆಂಡತಿ ಹಚ್ಚಿಕೊಳ್ಳುತ್ತಾಳೆ. ಇದು ಅಪಾಯ. ಗಂಡಸರಿಗೆಂದು ನಮ್ಮಲ್ಲಿ ಮಾರುವ ಕೆಲವು ದ್ರಾವಣಗಳಲ್ಲಿ ಮಿನಾಕ್ಸಿಡಿಲ್ ಜೊತೆಗೆ ಫಿನಾಸ್ಟರೈಡ್ ಎಂಬ ಔಷಧಿಯೂ ಬೆರೆತಿರುತ್ತದೆ. ಫಿನಾಸ್ಟರೈಡ್ ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ಧಕ್ಕೆ ತರಬಲ್ಲದು. ಅದರ ಒಡೆದ ಮಾತ್ರೆಯನ್ನು ಗರ್ಭಿಣಿ ಕೈಯಿಂದ ಮುಟ್ಟಲೂಬಾರದು ಎಂಬ ಎಚ್ಚರಿಕೆಯಿದೆ.

ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇರುವ, ಮುಟ್ಟು ಏರುಪೇರಾಗಿ ಮೊಡವೆ, ಗದ್ದದ ರೋಮ ಕಾಣಿಸಿಕೊಂಡವರಿಗೆ ವೈದ್ಯರು ಸ್ಪೈರೊನೊಲ್ಯಾಕ್ಟೋನ್ ಕೊಡುವುದುಂಟು. ಅದು ಗಂಡು ಹಾರ್ಮೋನಿನ ಪ್ರಭಾವವನ್ನು ತಡೆಯುತ್ತದೆ. ಅದನ್ನೂ ಬಸುರಿಯಾಗಿದ್ದಾಗ ತೆಗೆದುಕೊಳ್ಳಬಾರದು. ಮಿನಾಕ್ಸಿಡಿಲ್ ಸಹ ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಬೇಡ. ಮಗುವಿನ ಯೋಚನೆಯಿದ್ದರೆ ನಾಚಿಕೆ ಬಿಟ್ಟು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ನಾಣ್ಯದಗಲ ನುಣ್ಣಗೆ ಬೋಳಾದರೆ ಅದು ಮತ್ತೊಂದೇ ಕಾಯಿಲೆ. 'ಹುಳ ತಿಂದಿದೆ' ಎಂದು ಬೆಳ್ಳುಳ್ಳಿ ತಿಕ್ಕುತ್ತಾರೆ. ಅಲ್ಲಿ ಹುಳವಿಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಬೇರಿನ ಮೇಲೆ ಎರಗಿರುತ್ತದೆ. ಸಣ್ಣ ಮಚ್ಚೆಗೆ ಸ್ಟೆರಾಯ್ಡ್ ಚುಚ್ಚುಮದ್ದು ಸಾಕಾಗಬಹುದು. ತಲೆಯೆಲ್ಲ ಹಬ್ಬಿದವರಿಗೆ 2022ರಲ್ಲಿ ಅಮೆರಿಕದಲ್ಲಿ ಬ್ಯಾರಿಸಿಟಿನಿಬ್ ಮಾತ್ರೆ ಮಂಜೂರಾಯಿತು, ಮರುವರ್ಷ 12 ವರ್ಷ ತುಂಬಿದವರಿಗೆ ರಿಟ್ಲೆಸಿಟಿನಿಬ್. ಸೋಂಕಿನ ಭಯವಿರುವ ಬಲವಾದ ಔಷಧಿಗಳಿವು. ಇನ್ನು ನೆತ್ತಿ ಉರಿದು, ನೋವಾಗಿ, ಚರ್ಮ ಹೊಳೆಯತೊಡಗಿದರೆ ಒಂದು ವಾರವೂ ತಡಮಾಡಬಾರದು. ಕಲೆಗಟ್ಟಿದ ಬೇರು ಮತ್ತೆ ಚಿಗುರುವುದಿಲ್ಲ.

ರಕ್ತದಲ್ಲಿರುವ ಉತ್ತರ

ನನ್ನ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ ಕೂಡ ಪರವಾಗಿಲ್ಲ. ಆದರೆ ಫೆರಿಟಿನ್, ಅಂದರೆ ದೇಹ ಕೂಡಿಟ್ಟುಕೊಂಡ ಕಬ್ಬಿಣ, ತಳ ಕಂಡಿತ್ತು. ಪೆಟ್ಟಿಗೆಯಲ್ಲಿ ಹಣವಿದ್ದು ಕಣಜ ಬರಿದಾದಂತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆಯಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ಹೆಂಗಸರ ನಾಡಿನಲ್ಲಿ ಕೂದಲಿನ ಮಾತು ತಟ್ಟೆಯ ಮಾತೂ ಹೌದು. ಅದನ್ನು ಶೋಕಿ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ನೋವಾಗುತ್ತದೆ. ಎಷ್ಟೋ ಸಲ ಒಳಗಿನ ಕೊರತೆಯನ್ನು ಮೊದಲು ಹೊರಗೆ ಹೇಳುವುದು ಕೂದಲೇ.

ಡಾಕ್ಟರ ಬಳಿಗೆ ಹೋಗುವ ಮೊದಲು ಜಾಹೀರಾತು ನಂಬಿ ನಾನು ಬಯೋಟಿನ್ ಮಾತ್ರೆ ತಂದು ನುಂಗುತ್ತಿದ್ದೆ. ನಿಜವಾದ ಬಯೋಟಿನ್ ಕೊರತೆ ಬಲು ಅಪರೂಪ. ಹೆಚ್ಚು ಪ್ರಮಾಣದಲ್ಲಿ ನುಂಗಿದರೆ ಥೈರಾಯ್ಡ್ ಪರೀಕ್ಷೆಯ, ಹೃದಯಾಘಾತ ಪತ್ತೆಹಚ್ಚುವ ಪರೀಕ್ಷೆಯ ಫಲಿತಾಂಶವನ್ನೇ ಅದು ತಪ್ಪಾಗಿಸಬಲ್ಲದು. ಹಾಗಾಗಿ ಅದನ್ನು ಕೆಲವು ದಿನ ನಿಲ್ಲಿಸಿದ ಮೇಲೆಯೇ ಡಾಕ್ಟರಮ್ಮ ರಕ್ತ ತೆಗೆಸಿದರು. ಕೊಬ್ಬರಿ ಎಣ್ಣೆಯನ್ನು ಅವರು ಬೇಡ ಎನ್ನಲಿಲ್ಲ. ಅದು ಕೂದಲ ಎಳೆಯನ್ನು ಕಾಯುತ್ತದೆ, ಕುಗ್ಗುತ್ತಿರುವ ಬೇರನ್ನಲ್ಲ. ಬಿಗಿಯಾಗಿ ಎಳೆದು ಜಡೆ ಹಾಕುವುದನ್ನು ಮಾತ್ರ ಇಬ್ಬರಿಗೂ ಬಿಡಿಸಿದರು.

ಈ ಯುಗಾದಿಗೆ ಅಕ್ಕ ಮತ್ತೆ ಬಂದಿದ್ದಳು. ಎಣ್ಣೆಸ್ನಾನಕ್ಕೆ ಮುಂಚೆ ಒಬ್ಬರ ತಲೆಗೊಬ್ಬರು ಎಣ್ಣೆ ಒತ್ತಿಕೊಂಡೆವು. ನನ್ನ ಹಣೆಯಂಚಿನುದ್ದಕ್ಕೂ ಎರಡಂಗುಲದ ಕೂದಲು ಎಣ್ಣೆಗೂ ಬಗ್ಗದೆ ಎದ್ದು ನಿಂತಿತ್ತು. ಅಕ್ಕನ ಬೈತಲೆ ಇಪ್ಪತ್ತರ ವಯಸ್ಸಿನದಾಗಿರಲಿಲ್ಲ, ಆಗುವುದೂ ಇಲ್ಲ. ಆದರೆ ಅಗಲ ಕಡಿಮೆಯಾಗಿತ್ತು. ಅಲ್ಲಲ್ಲಿ ಸಣ್ಣ ಕೂದಲು ಕಪ್ಪಾಗಿ ಮೂಡಿತ್ತು. ಸ್ನಾನ ಮುಗಿಸಿ ಬಂದವಳು ಬೈತಲೆಗೆ ಕುಂಕುಮ ಇಟ್ಟುಕೊಂಡಳು. ಒಂದು ಬೆರಳಗಲ, ಅಷ್ಟೆ.

ಬೇವುಬೆಲ್ಲ ಕೊಡಲು ಕರೆದಾಗ ಅವಳು ಜಗಲಿಯ ಬಿಸಿಲಿಗೆ ಕೂದಲು ಹರಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಆ ಪುಟ್ಟ ಬಾಟಲಿ.

'ಇರು, ತಲೆ ಒಣಗ್ಲಿ' ಎಂದಳು. 'ಬೆಳಗಿನ ಮದ್ದು ಇನ್ನೂ ಹಾಕ್ಕೊಂಡಿಲ್ಲ.'