ಗ್ರಂಥಾಲಯ ಸಪ್ತಾಹಕ್ಕೆ ಮಕ್ಕಳನ್ನು ಕಳುಹಿಸಿ
ಪ್ರತಿವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಆಗ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪುಸ್ತಕ ಪ್ರದರ್ಶನ, ಉಪನ್ಯಾಸ, ಮಕ್ಕಳಿಗೆ ಸ್ಪರ್ಧೆಗಳು ಇರುತ್ತವೆ. ಖರ್ಚು ಸರ್ಕಾರದ್ದೆಂದು ತಿಳಿಯಬೇಡಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಸೇರುತ್ತದೆ. ಅಂಗಡಿಯ ತೆರಿಗೆ ಕಟ್ಟುತ್ತಾ ಬಂದಿದ್ದರೂ ನಾನೇ ಇದನ್ನು ಬಹಳ ವರ್ಷ ಗಮನಿಸಿರಲಿಲ್ಲ.

ಜ್ಯೇಷ್ಠ ಶುದ್ಧ ಪಂಚಮಿಯಂದು, ಶ್ರುತಪಂಚಮಿಗೆ, ಬಸದಿಯಲ್ಲಿ ಶಾಸ್ತ್ರಪೂಜೆ ಮಾಡುತ್ತೇವೆ. ಮೂಡಬಿದಿರೆಯಲ್ಲಿ ಉಳಿದುಬಂದ ಧವಲಾ ತಾಡವೋಲೆಗಳ ಲಿಪಿ ಹಳೆಯ ಕನ್ನಡದ್ದೇ. ಇತ್ತ ನಮ್ಮ ಮನೆಯ ಮಕ್ಕಳು ಕನ್ನಡ ಪುಟ ಓದಲು ತಡವರಿಸುತ್ತಾರೆ. ಕಳೆದ ಬಾರಿ ನಮ್ಮೂರಿನ ಪ್ರಬಂಧ ಸ್ಪರ್ಧೆಗೆ ಸಮಾಜದಿಂದ ಹೋದವರು ಇಬ್ಬರೇ, ಅವರಲ್ಲಿ ಒಬ್ಬಳು ನನ್ನ ಮೊಮ್ಮಗಳು.

ಕಾರ್ಯಕ್ರಮ ಊರಿಂದ ಊರಿಗೆ ಬೇರೆ. ನವೆಂಬರ್ ಮೊದಲ ವಾರದಲ್ಲೇ ಗ್ರಂಥಪಾಲಕರನ್ನು ವಿಚಾರಿಸಿ, ಮಕ್ಕಳ ಹೆಸರು ಬರೆಸಿ.