ಗಡಿ ದಾಟುವ ದೇಹ ಎಷ್ಟು ತಾಳೀತು?

ರಾಯಚೂರು, ಕಲಬುರಗಿ ಕಡೆಯ ಓದುಗರಿಗೆ 42 ಡಿಗ್ರಿ ಬಿಸಿಲು ಹೊಸತಲ್ಲ. ಮಟಮಟ ಮಧ್ಯಾಹ್ನ ಹೊರಗೆ ಹೋಗಬೇಡಿ, ಹೋದರೂ ತಲೆಗೆ ಬಟ್ಟೆ ಸುತ್ತಿಕೊಳ್ಳಿ, ಮಜ್ಜಿಗೆ ಕುಡಿಯಿರಿ ಎಂದು ಹಿರಿಯರು ಹೇಳುವುದು ಅನುಭವದಿಂದಲೇ. ಅದೇ ಬಿಸಿಲಿನಲ್ಲಿ ನೆರಳಿಲ್ಲದೆ, ಹೆಗಲ ಮೇಲಿನ ನೀರನ್ನೇ ನಂಬಿ ಮೂರು ದಿನ ನಡೆಯಬೇಕಾಗಿ ಬಂದರೆ ದೇಹದ ಗತಿ ಏನು? ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಗಡಿಯನ್ನು ಕಾಗದಪತ್ರಗಳಿಲ್ಲದೆ ದಾಟಲು ಹೊರಟು ಸತ್ತ ಸಾವಿರಾರು ಜನರ ಶವಪರೀಕ್ಷೆಗಳು ಇದಕ್ಕೆ ಉತ್ತರ ಹೇಳುತ್ತವೆ.

ಊರಿನಿಂದ ಮರುಭೂಮಿಗೆ

ಈ ಗಡಿಯ ಉದ್ದ 3,100 ಕಿಲೋಮೀಟರಿಗೂ ಹೆಚ್ಚು. ಮೊದಲು ಜನ ಎಲ್ ಪಾಸೊ, ಸಾನ್ ಡಿಯೆಗೊದಂಥ ನಗರಗಳ ಬಳಿಯೇ ದಾಟುತ್ತಿದ್ದರು. 1993ರಲ್ಲಿ ಎಲ್ ಪಾಸೊದಲ್ಲಿ, 1994ರಲ್ಲಿ ಸಾನ್ ಡಿಯೆಗೊದಲ್ಲಿ ಕಾವಲು ಬಿಗಿಯಾಯಿತು. ಸುಲಭದ ದಾರಿ ಮುಚ್ಚಿದರೆ ಉಳಿದ ದುರ್ಗಮ ದಾರಿಗೆ ಹೆದರಿ ಜನ ಹಿಂದೆ ಸರಿಯುತ್ತಾರೆ ಎಂಬುದು ಅಧಿಕಾರಿಗಳ ಎಣಿಕೆಯಾಗಿತ್ತು. ಬಡತನ, ಹಿಂಸೆಗಳಿಂದ ಊರು ಬಿಟ್ಟು ಬಂದವರಲ್ಲಿ ಬಹಳ ಮಂದಿ ಹಿಂದೆ ಸರಿಯಲಿಲ್ಲ. ಅರಿಜೋನಾದ ಸೊನೋರಾ ಮರುಭೂಮಿಯತ್ತ ತಿರುಗಿದರು. ಅಲ್ಲಿನ ಪೀಮಾ ಕೌಂಟಿಯ ಶವಪರೀಕ್ಷಾ ಕಚೇರಿಗೆ 1990ರ ದಶಕದಲ್ಲಿ ವರ್ಷಕ್ಕೆ ಹತ್ತಿಪ್ಪತ್ತರಷ್ಟು ಬರುತ್ತಿದ್ದ ಇಂಥವರ ಶವಗಳು, 2002ರಿಂದೀಚೆ ಬಹುಪಾಲು ವರ್ಷ ನೂರು ದಾಟಿವೆ. ಇಡೀ ಗಡಿಯಲ್ಲಿ 1998ರಿಂದ 2020ರವರೆಗೆ ಅಮೆರಿಕದ ಗಡಿ ಕಾವಲು ಪಡೆಯೇ ದಾಖಲಿಸಿದ ಸಾವುಗಳು ಸುಮಾರು 8,000.

ನೀರಿನ ಲೆಕ್ಕ

ಬಿಸಿಲಿನಲ್ಲಿ ನಡೆಯುವಾಗ ದೇಹವನ್ನು ತಂಪಾಗಿಡುವುದು ಬೆವರು. ಬಿರುಬಿಸಿಲಿನಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹರಿಯಬಹುದು. ಇಂಥ ನಡಿಗೆಗೆ ದಿನಕ್ಕೆ 8ರಿಂದ 10 ಲೀಟರ್ ನೀರು ಬೇಕು. ಮೂರು ದಿನಕ್ಕೆ ಹತ್ತಿರ ಹತ್ತಿರ 30 ಲೀಟರ್, ಅಂದರೆ 30 ಕಿಲೋ. ತುಂಬಿದ ಎರಡು ಕೊಡಗಳನ್ನು ಹೊತ್ತು ಕಲ್ಲುಗುಡ್ಡ ಹತ್ತುವುದು ಗಟ್ಟಿಮುಟ್ಟಾದ ಆಳಿಗೂ ಆಗದ ಮಾತು. ತಂದ ಒಂದೆರಡು ಕ್ಯಾನ್ ನೀರು ಮೊದಲ ದಿನವೇ ಮುಗಿಯುತ್ತದೆ. ಆಮೇಲೆ ಸಿಕ್ಕರೆ ದನಗಳ ತೊಟ್ಟಿಯ ನೀರು. ಅದರಿಂದ ಭೇದಿ ಶುರುವಾದರೆ ಉಳಿದ ನೀರೂ ಹೊರಟುಹೋಗುತ್ತದೆ.

60 ಕಿಲೋ ತೂಕದವರು ಒಂದೂಕಾಲು ಲೀಟರ್ ನೀರು ಕಳೆದುಕೊಂಡಾಗ ಸುಸ್ತು, ತಲೆನೋವು ಕಾಣಿಸುತ್ತವೆ. 6 ಲೀಟರ್ ಕಳೆದುಕೊಂಡರೆ ಜೀವಕ್ಕೇ ಅಪಾಯ. ದೇಹದ ಉಷ್ಣತೆ 40 ಡಿಗ್ರಿ ದಾಟಿ ಬುದ್ಧಿ ಮಂಕಾದರೆ ಅದೇ ಬಿಸಿಲಿನ ಹೊಡೆತ. ರೋಗಿ ತೊದಲುತ್ತಾನೆ, ದಿಕ್ಕು ತಪ್ಪುತ್ತಾನೆ. ದಾರಿ ಹುಡುಕಲು ಬುದ್ಧಿ ಬೇಕಾದ ಹೊತ್ತಿನಲ್ಲೇ ಅದು ಕೈಕೊಡುತ್ತದೆ. ಸ್ನಾಯುಗಳು ಕೆಟ್ಟು, ಅವುಗಳಿಂದ ಹೊರಬಿದ್ದ ಪ್ರೋಟೀನು ಮೂತ್ರಪಿಂಡಗಳಿಗೆ ಹಾನಿ ಮಾಡುತ್ತದೆ. ಆಗ ಮೂತ್ರದ ಬಣ್ಣ ಕಾಫಿ ಡಿಕಾಕ್ಷನ್‌ನಂತೆ ಇರುತ್ತದೆ. ಬದುಕಿ ಉಳಿದವರಲ್ಲಿ ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ.

ಮಕ್ಕಳ ದೇಹ ದೊಡ್ಡವರಿಗಿಂತ ಬೇಗ ಬಿಸಿಯಾಗುತ್ತದೆ. 2019ರ ಜೂನ್‌ನಲ್ಲಿ ಅರಿಜೋನಾದ ಲ್ಯೂಕ್‌ವಿಲ್ ಬಳಿ ಭಾರತದ ಆರು ವರ್ಷದ ಹುಡುಗಿಯೊಬ್ಬಳು ಹೀಗೆಯೇ ಸತ್ತಳು. ಅಂದಿನ ಬಿಸಿಲು ಸುಮಾರು 42 ಡಿಗ್ರಿ. ಮಗುವನ್ನು ಜೊತೆಯವರ ಬಳಿ ಬಿಟ್ಟು ತಾಯಿ ನೀರು ಹುಡುಕಿಕೊಂಡು ಹೋಗಿದ್ದರು.

ಗೋಡೆ ಮತ್ತು ಹಿಮ

ಸಾನ್ ಡಿಯೆಗೊ ಬಳಿ 2019ರಲ್ಲಿ ಗೋಡೆಯನ್ನು 9 ಮೀಟರಿಗೆ ಎತ್ತರಿಸಲಾಯಿತು. ಗೋಡೆಯಿಂದ ಬಿದ್ದು ಅಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಗೆ ದಾಖಲಾದವರು 2016ರಿಂದ 2018ರವರೆಗೆ 67 ಮಂದಿ. 2019ರಿಂದ 2021ರವರೆಗೆ 375 ಮಂದಿ. 2022ರಲ್ಲಿ ಅಲ್ಲಿನ ವೈದ್ಯರೇ ಪ್ರಕಟಿಸಿದ ಲೆಕ್ಕವಿದು. ಮೂರು ಮಹಡಿಯ ಎತ್ತರದಿಂದ ಬಿದ್ದವರಿಗೆ ಬೆನ್ನುಮೂಳೆ ಮುರಿದರೆ ಇಡೀ ಬದುಕೇ ಹಾಸಿಗೆ ಹಿಡಿಯಬಹುದು.

ಉತ್ತರದ ಕೆನಡಾ ಗಡಿಯಲ್ಲಿ ಗೋಡೆಯಿಲ್ಲ. ಅಲ್ಲಿ ಚಳಿಯೇ ಶತ್ರು. 2022ರ ಜನವರಿ 19ರಂದು ಎಮರ್ಸನ್ ಎಂಬಲ್ಲಿ ಗುಜರಾತಿನ ಒಂದು ಕುಟುಂಬದ ನಾಲ್ವರು ಗಡಿಯಿಂದ ಸುಮಾರು 12 ಮೀಟರ್ ದೂರದಲ್ಲಿ ಹೆಪ್ಪುಗಟ್ಟಿ ಸತ್ತಿದ್ದರು. ಮಗಳಿಗೆ 11 ವರ್ಷ, ಮಗನಿಗೆ 3 ವರ್ಷ. ಗಾಳಿಯೂ ಸೇರಿ ಚಳಿ ಮೈನಸ್ 35 ಡಿಗ್ರಿಯಂತಿತ್ತು. ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಇನ್ನೂ ಇಳಿದರೆ ನಡುಕವೂ ನಿಲ್ಲುತ್ತದೆ, ಬಿಸಿಲಿನ ಹೊಡೆತದಲ್ಲಿ ಆಗುವಂತೆ ಬುದ್ಧಿಯೂ ಮಂಕಾಗುತ್ತದೆ.

ಭಯದಿಂದಾಗುವ ತಡ

ಬಿಸಿಲಿನ ಹೊಡೆತದಲ್ಲಿ ಮೊದಲ ಅರ್ಧ ಗಂಟೆ ಬಹಳ ಮುಖ್ಯ. ಆದರೆ ಸಹಾಯ ಕೇಳಿದರೆ ಸಿಕ್ಕಿಬೀಳುತ್ತೇವೆಂಬ ಭಯದಲ್ಲಿ ಇವರು ಕೊನೆಯ ಗಳಿಗೆಯವರೆಗೆ ಕಾಯುತ್ತಾರೆ. ಗಡಿ ಕಾಯುವುದು ಪ್ರತಿ ದೇಶದ ಹಕ್ಕು, ನಿಜ. ಆದರೆ ಬಾಯಾರಿಕೆಯನ್ನೇ ಕಾವಲಿಗೆ ನಿಲ್ಲಿಸಿದರೆ ಅದು ಮಗುವನ್ನೂ ಬಿಡುವುದಿಲ್ಲ. ಈ ಸಾವುಗಳು ತಡೆಯಬಹುದಾದ ಸಾವುಗಳು. ‘ಹ್ಯೂಮೇನ್ ಬಾರ್ಡರ್ಸ್’ ಎಂಬ ಸಂಸ್ಥೆಯ ಸ್ವಯಂಸೇವಕರು ಅರಿಜೋನಾದ ಮರುಭೂಮಿಯಲ್ಲಿ ನೀರಿನ ಪೀಪಾಯಿಗಳನ್ನಿಟ್ಟು, ದೂರಕ್ಕೆ ಕಾಣಲೆಂದು ನೀಲಿ ಬಾವುಟ ಕಟ್ಟುತ್ತಾರೆ. ವೈದ್ಯಶಾಸ್ತ್ರದ ದೃಷ್ಟಿಯಲ್ಲಿ ಅದಕ್ಕಿಂತ ಒಳ್ಳೆಯ ಔಷಧಿ ಅಲ್ಲಿ ಬೇರೊಂದಿಲ್ಲ.

ನೀವು ತಿಳಿದಿರಬೇಕಾದದ್ದು

ಬಿಸಿಲಿನ ಹೊಡೆತ ನಮ್ಮ ಹೊಲ, ರಸ್ತೆ ಕೆಲಸದ ಜಾಗಗಳಲ್ಲೂ ಆಗುತ್ತದೆ. ರೋಗಿಯನ್ನು ನೆರಳಿಗೆ ತನ್ನಿ. ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಗಾಳಿ ಬೀಸಿ. ಕುತ್ತಿಗೆ, ಕಂಕುಳು, ತೊಡೆಸಂದುಗಳಿಗೆ ಮಂಜುಗಡ್ಡೆ ಇಡಿ. ಎಚ್ಚರವಿದ್ದರೆ ಮಾತ್ರ ನೀರು ಅಥವಾ ಓಆರ್‌ಎಸ್ ಕುಡಿಸಿ. ಜ್ವರದ ಮಾತ್ರೆಯಿಂದ ಈ ಕಾವು ಇಳಿಯದು. 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೂ ತಣ್ಣೀರು ಸುರಿಯುತ್ತಲೇ ಇರಿ.

ಇನ್ನೊಂದು ಮಾತು. ಪಂಜಾಬಿನಲ್ಲಿ ‘ಡಂಕಿ’ ಎಂದು ಕರೆಯುವ ಈ ಕಳ್ಳದಾರಿಗೆ ಲಕ್ಷಾಂತರ ರೂಪಾಯಿ ಕೇಳುವ ದಲ್ಲಾಳಿಗಳು ‘ಸ್ವಲ್ಪ ದೂರ ನಡೆದರಾಯಿತು’ ಎನ್ನುತ್ತಾರೆ. ನಿಮ್ಮ ಮನೆಯ ಹುಡುಗರಿಗೆ ಯಾರಾದರೂ ಹೀಗೆ ಹೇಳಿದರೆ, ಎಷ್ಟು ದಿನ, ಎಷ್ಟು ನೀರು ಎಂದು ಕೇಳಿ. ಆ ಎರಡು ಕೊಡಗಳ ಲೆಕ್ಕವನ್ನು ಹುಡುಗರ ಮುಂದಿಡಿ.